ಜಗಳ ಬಿಡಿಸಲು ರಾಜನೇ ಓಡಿದ

ಉಡುಪಿಯ ಬಿ.ಎ. ವಿದ್ಯಾರ್ಥಿನಿಯೊಬ್ಬರ ಪ್ರಶ್ನೆ: ಇಂಗ್ಲೆಂಡಿನ ಅಂತರ್ಯುದ್ಧದಲ್ಲಿ ರಾಜ ಒಂದನೇ ಚಾರ್ಲ್ಸ್‌ನ ಕಡೆಯವರೇ ತಮ್ಮೊಳಗೆ ಕಚ್ಚಾಡುತ್ತಿದ್ದರಂತೆ. ರಾಜ ಸುಮ್ನೆ ನೋಡುತ್ತಾ ಕೂತಿದ್ದನಾ?

ಇಲ್ಲ. ಪಂಚಾತಿಕೆ ಮಾಡಿದ್ದೇ ಜಾಸ್ತಿ. ಆದರೆ ಜಗಳದ ಬೀಜ ಹಾಕಿದವನೂ ಅವನೇ.

1642ರಲ್ಲಿ ಪಾರ್ಲಿಮೆಂಟಿನ ಜೊತೆ ಯುದ್ಧ ಶುರುವಾದಾಗ ಇಡೀ ಸೇನೆಗೆ ಲಿಂಡ್ಸೆ ಎಂಬ ಹಿರಿಯ ಪ್ರಭುವನ್ನು ದಂಡನಾಯಕನಾಗಿ ಮಾಡಿದ. ಕುದುರೆಪಡೆಯನ್ನು ಅಕ್ಕನ ಮಗ ರೂಪರ್ಟ್‌ಗೆ ಕೊಟ್ಟ. (ಅಳಿಯಕಟ್ಟಿದ್ದ ಕಾಲದ ನಮ್ಮೂರಲ್ಲಾದರೆ ಇವನೇ ವಾರಸುದಾರನಾಗುತ್ತಿದ್ದ. ಅಲ್ಲಿ ಹಾಗಲ್ಲ.) ಹುಡುಗನಿಗೆ 22 ವರ್ಷ. ಲಿಂಡ್ಸೆಯ ಮಾತು ಕೇಳಬೇಕಾಗಿಲ್ಲ, ನೇರ ರಾಜನ ಆಜ್ಞೆ ಪಾಲಿಸಿದರೆ ಸಾಕು ಎಂಬ ಸವಲತ್ತು ಬೇರೆ. ವೇಷಧಾರಿಯೊಬ್ಬ ಭಾಗವತರನ್ನು ಬಿಟ್ಟು ಮೇಳದ ಯಜಮಾನರನ್ನೇ ಕೇಳಿ ಕುಣಿಯುತ್ತೇನೆ ಅಂದರೆ ಆಟ ನಡೆದೀತೇ? ಎಜ್‌ಹಿಲ್ ಕಾಳಗದಲ್ಲಿ ಕಾಲಾಳುಗಳನ್ನು ಹೇಗೆ ನಿಲ್ಲಿಸಬೇಕು ಎಂಬುದಕ್ಕೇ ಇಬ್ಬರಿಗೂ ತಾಗಿತು. ರಾಜ ಅಳಿಯನ ಕಡೆ ವಾಲಿದ. ಲಿಂಡ್ಸೆ ಪದವಿ ಬಿಟ್ಟು ತನ್ನ ರೆಜಿಮೆಂಟಿನ ಮುಂದೆ ಹೋಗಿ ನಿಂತ. ಗಾಯಗೊಂಡು ಸೆರೆಸಿಕ್ಕಿ ಸತ್ತ.

ಬ್ರಿಸ್ಟಲ್‌ನ ಕತೆ ಇನ್ನೂ ಸ್ವಾರಸ್ಯ. ಮಂಗಳೂರಿನ ಹಾಗೆ ಅದೂ ಬಂದರು. 1643ರ ಜುಲೈಯಲ್ಲಿ ರೂಪರ್ಟ್ ಅದನ್ನು ಗೆದ್ದ. ಆ ಸೀಮೆಯ ಸೇನೆಯ ಹೊಣೆ ಹರ್ಟ್‌ಫರ್ಡ್ ಪ್ರಭುವಿನದು. ಆತ ರೂಪರ್ಟ್‌ನನ್ನು ಒಂದು ಮಾತೂ ಕೇಳದೆ ತನ್ನ ಕೈಕೆಳಗಿನ ಸೇನಾನಿ ಹಾಪ್ಟನ್‌ನನ್ನು ಗವರ್ನರ್ ಮಾಡಿದ. ಇತ್ತ ರೂಪರ್ಟ್ ಆ ಪದವಿ ತನಗೇ ಬೇಕೆಂದು ರಾಜನಿಗೆ ಬರೆದ. ಹಾಪ್ಟನ್ ವಿಷಯ ಗೊತ್ತಿಲ್ಲದ ರಾಜ ಹೂಂ ಅಂದುಬಿಟ್ಟ!

ಕೊನೆಗೆ ಆಕ್ಸ್‌ಫರ್ಡ್‌ನಿಂದ ಚಾರ್ಲ್ಸೇ ಬ್ರಿಸ್ಟಲ್‌ಗೆ ಓಡಬೇಕಾಯಿತು. ಗವರ್ನರ್ ಹೆಸರು ರೂಪರ್ಟ್‌ಗೆ. ಅವನ ಕೈಕೆಳಗೆ ಊರು ನೋಡಿಕೊಳ್ಳುವ ಕೆಲಸ ಹಾಪ್ಟನ್‌ಗೆ. ಹರ್ಟ್‌ಫರ್ಡ್‌ಗೆ ರಾಜನ ಪಕ್ಕದಲ್ಲಿರುವ ಮರ್ಯಾದೆ, ಅವನ ಸೇನೆ ಮಾತ್ರ ರೂಪರ್ಟ್‌ನ ತಮ್ಮ ಮಾರಿಸ್‌ಗೆ. ಎಲ್ಲರಿಗೂ ಏನೋ ಒಂದು ಸಿಕ್ಕಿತು, ಅಲ್ವಾ? ಯಾರ ಮಾತನ್ನು ಯಾರು ಕೇಳಬೇಕು ಎಂಬುದು ಮಾತ್ರ ಹಾಗೇ ಉಳಿಯಿತು. ಚಾರ್ಲ್ಸ್ ಮುನಿಸು ತಣಿಸುವುದರಲ್ಲಿ ಗಟ್ಟಿಗ, ನಿಯಮ ಹಾಕುವುದರಲ್ಲಲ್ಲ ಎಂದು ನನಗನ್ನಿಸುವುದು ಇದಕ್ಕೇ.

1645ರ ಸೆಪ್ಟೆಂಬರಿನಲ್ಲಿ ಅದೇ ಬ್ರಿಸ್ಟಲನ್ನು ರೂಪರ್ಟ್ ಶತ್ರುವಿಗೆ ಒಪ್ಪಿಸಿದ. ಆಗ ರಾಜನ ಕಿವಿ ಇದ್ದದ್ದು ರೂಪರ್ಟ್‌ನನ್ನು ಕಂಡರಾಗದ ಮಂತ್ರಿ ಡಿಗ್ಬಿಯ ಹತ್ತಿರ. ಚಾರ್ಲ್ಸ್ ಒಂದು ಪತ್ರ ಬರೆದು ಅಳಿಯನನ್ನು ಕಿತ್ತುಹಾಕಿದ. ರೂಪರ್ಟ್ ರಾಜನಿದ್ದ ನ್ಯೂವಾರ್ಕ್‌ಗೆ ಬಂದು ವಿಚಾರಣೆ ನಡೆಸಿ ಎಂದು ಹಟ ಹಿಡಿದ. ದ್ರೋಹವಿಲ್ಲ, ಹೇಡಿತನವಿಲ್ಲ ಎಂದು ತೀರ್ಪಾಯಿತು. ಕೆಲವೇ ದಿನಗಳಲ್ಲಿ ರೂಪರ್ಟ್ ಕಡೆಯವನಾದ ನ್ಯೂವಾರ್ಕ್‌ನ ಗವರ್ನರನನ್ನು ರಾಜ ಬದಲಿಸಿದ್ದಕ್ಕೆ ಮತ್ತೆ ಜಗಳ. ಈ ಸಲ ರಾಜನ ಎದುರಿಗೇ. ರೂಪರ್ಟ್ ತನ್ನವರನ್ನು ಕರೆದುಕೊಂಡು ಹೊರಟೇ ಹೋದ.