15ಡಬ್ಲ್ಯೂ-40 ಅಂದರೆ ಏನು? ಹಳೆ ಬೊಲೆರೊ ಇಟ್ಟುಕೊಂಡವರಿಗಾಗಿ

"ಗಾಡಿ ಎಷ್ಟು ಓಡಿದೆ ಸಾರ್?"

"ಎರಡು ಲಕ್ಷ ದಾಟಿದೆ."

"ಹಾಗಾದ್ರೆ ಗಟ್ಟಿ ಆಯಿಲ್ ಹಾಕ್ಸಿ. 20-50 ಕೊಡ್ತೀನಿ."

ಸ್ಪೇರ್ ಪಾರ್ಟ್ಸ್ ಅಂಗಡಿಯಲ್ಲಿ ಈ ಮಾತು ಕೇಳದ ಹಳೆ ಗಾಡಿ ಮಾಲೀಕರು ಕಡಿಮೆ. ನಾನೂ ಕೇಳಿದೆ, ನಂಬಿದೆ, ಹಾಕಿಸಿದೆ. ನಮ್ಮದು 2008ರ ಬೊಲೆರೊ, ಡಿಐ ಡೀಸೆಲ್ ಎಂಜಿನ್. ಮೂಡಿಗೆರೆ ಕಡೆ ತೋಟದ ಕೆಲಸಕ್ಕೂ ಅದೇ, ನೆಂಟರ ಮನೆಗೂ ಅದೇ. ಗಾಡಿಯ ಪುಸ್ತಕದಲ್ಲಿ 15ಡಬ್ಲ್ಯೂ-40 ಅಂತ ಬರೆದಿತ್ತು. ಹಳೆಯದಾಯ್ತಲ್ಲ, ಸ್ವಲ್ಪ ಗಟ್ಟಿ ಇದ್ದರೆ ಒಳ್ಳೆಯದೇ ಇರಬಹುದು ಅಂದುಕೊಂಡೆ.

ಡಿಸೆಂಬರ್ ಬಂತು. ಬೆಳಿಗ್ಗೆ ಆರು ಗಂಟೆಗೆ ಕೀ ತಿರುಗಿಸಿದರೆ ಸ್ಟಾರ್ಟರ್ ಕಷ್ಟಪಟ್ಟು ಎಳೆಯುತ್ತಿತ್ತು. ಎಂಜಿನ್ ಹತ್ತಿಕೊಂಡ ಮೇಲೂ ಮೀಟರಿನಲ್ಲಿ ಆಯಿಲ್ ಲೈಟು ಆರಲು ನಾಲ್ಕೈದು ಸೆಕೆಂಡು. ಅಷ್ಟು ಹೊತ್ತೂ ಮೇಲ್ಗಡೆಯಿಂದ ಟಕಟಕ ಅಂತ ಟ್ಯಾಪೆಟ್ ಸದ್ದು. ಮೊದಲು ಕೀ ತಿರುಗಿಸಿದ ಕ್ಷಣವೇ ಆರುತ್ತಿದ್ದ ಲೈಟು ಅದು. ಆ ಟಕಟಕ ಕೇಳಿದ ಮೇಲೆಯೇ ಡಬ್ಬಿಯ ಮೇಲಿನ ನಂಬರು ಏನು ಹೇಳುತ್ತದೆ ಅಂತ ಸರಿಯಾಗಿ ತಿಳಿದುಕೊಳ್ಳಲು ಕೂತದ್ದು.

15ಡಬ್ಲ್ಯೂ-40 ಅನ್ನುವುದರಲ್ಲಿ ಎರಡು ಬೇರೆ ಬೇರೆ ಪರೀಕ್ಷೆಗಳ ಫಲಿತಾಂಶ ಇದೆ. ಒಂದು ಚಳಿಯದು, ಇನ್ನೊಂದು ಬಿಸಿಯದು. ಬೆಲ್ಲದ ಪಾಕ ನೆನಪಿಸಿಕೊಳ್ಳಿ. ಒಲೆಯ ಮೇಲೆ ನೀರಿನ ಹಾಗೆ ಹರಿಯುತ್ತದೆ, ಆರಿದರೆ ಸೌಟಿಗೆ ಅಂಟಿ ಕೂರುತ್ತದೆ. ಆಯಿಲ್ಲೂ ಹಾಗೆಯೇ. ಬಿಸಿಯಲ್ಲಿ ತೆಳು, ತಣ್ಣಗಾದರೆ ಮಂದ. ಈ ಮಂದತನವನ್ನೇ ವಿಸ್ಕಾಸಿಟಿ ಅನ್ನುತ್ತಾರೆ. ಅದನ್ನು ಅಳೆದು ದರ್ಜೆ ಕೊಡುವ ಪದ್ಧತಿ ಅಮೆರಿಕದ ಎಸ್‌ಎಇ ಅನ್ನುವ ವಾಹನ ಎಂಜಿನಿಯರುಗಳ ಸಂಘದ್ದು.

ಹಿಂದಿನ ನಂಬರಿನಿಂದ ಶುರು ಮಾಡೋಣ, ಯಾಕೆಂದರೆ ನಮ್ಮ ಊರುಗಳಿಗೆ ಅದೇ ಮುಖ್ಯ. ಎಂಜಿನ್ ಚೆನ್ನಾಗಿ ಕಾದಾಗ ಒಳಗಿನ ಆಯಿಲ್ ಸುಮಾರು 100 ಡಿಗ್ರಿ ಬಿಸಿ ಇರುತ್ತದೆ. ಆ ಬಿಸಿಯಲ್ಲಿ ಆಯಿಲಿನ ಮಂದತನ 12.5ರಿಂದ 16.3 ಸೆಂಟಿಸ್ಟೋಕ್ ಒಳಗೆ ಇದ್ದರೆ ಅದು 40 ಗ್ರೇಡು. 16.3ರಿಂದ 21.9ರ ಒಳಗಿದ್ದರೆ 50. 9.3ರಿಂದ 12.5ರ ಒಳಗಿದ್ದರೆ 30. ಅಂದಾಜು ಸಿಗಲಿ ಅಂತ ಹೇಳುತ್ತೇನೆ, ನಾವು ಕುಡಿಯುವ ತಣ್ಣೀರಿನ ಮಂದತನ ಇದೇ ಅಳತೆಯಲ್ಲಿ ಹೆಚ್ಚುಕಡಿಮೆ 1.

ಡಬ್ಲ್ಯೂ ಅಂದರೆ ವಿಂಟರ್, ಚಳಿಗಾಲ. ತುಂಬಾ ಜನ ಇದನ್ನು ವೆಯ್ಟ್, ಅಂದರೆ ತೂಕ ಅಂದುಕೊಂಡಿದ್ದಾರೆ. 15ಡಬ್ಲ್ಯೂ ಆಯಿಲನ್ನು ಸೊನ್ನೆಗಿಂತ 20 ಡಿಗ್ರಿ ಕೆಳಗೆ ತಣ್ಣಗೆ ಮಾಡಿ, ಎಂಜಿನ್ ತಿರುಗಿಸಲು ಆಗುತ್ತದಾ ಅಂತ ನೋಡುತ್ತಾರೆ. 20ಡಬ್ಲ್ಯೂ ಆದರೆ ಸೊನ್ನೆಗಿಂತ 15 ಕೆಳಗೆ. 5ಡಬ್ಲ್ಯೂ ಆದರೆ 30 ಕೆಳಗೆ. ನಂಬರು ಸಣ್ಣದಾದಷ್ಟೂ ಚಳಿಯಲ್ಲಿ ಬೇಗ ಹರಿಯುವ ಆಯಿಲ್.

"ಅಷ್ಟು ಚಳಿ ನಮ್ಮಲ್ಲಿ ಎಲ್ಲಿದೆ?" ಅಂತ ಕೇಳಬಹುದು. ನಿಜ. ಬೆಂಗಳೂರಿನಲ್ಲಿ ದಾಖಲಾದ ಅತಿ ಕಡಿಮೆ ಉಷ್ಣಾಂಶವೇ 7.8 ಡಿಗ್ರಿ, ಅದೂ 1884ರಲ್ಲಿ. ಕಲಬುರಗಿ, ರಾಯಚೂರಿನವರಿಗಂತೂ ಬೇಸಿಗೆಯ 40 ಡಿಗ್ರಿಯದ್ದೇ ಚಿಂತೆ. ಹಾಗಾಗಿ 20ಡಬ್ಲ್ಯೂ-50 ಹಾಕಿದ ಮಾತ್ರಕ್ಕೆ ಎಂಜಿನ್ ಹಾಳಾಗಿಬಿಡುತ್ತದೆ ಅಂತ ನಾನು ಹೇಳುವುದಿಲ್ಲ. ಆದರೆ ಮಲೆನಾಡಿನ 10-12 ಡಿಗ್ರಿಯ ಬೆಳಗಿನಲ್ಲಿ ಎರಡು ಆಯಿಲಿಗೂ ವ್ಯತ್ಯಾಸ ಇದ್ದೇ ಇದೆ. ಮಂದ ಆಯಿಲನ್ನು ಚೇಂಬರಿನಿಂದ, ಅಂದರೆ ಎಂಜಿನ್ನಿನ ತಳದ ಆಯಿಲ್ ತೊಟ್ಟಿಯಿಂದ, ಎಳೆದು ಮೇಲಿನ ತನಕ ತಲುಪಿಸಲು ಪಂಪಿಗೆ ಹೊತ್ತು ಹಿಡಿಯುತ್ತದೆ. ಇನ್ನೂ ಒಂದು ತೊಂದರೆ ಇದೆ. ಅಷ್ಟು ಮಂದ ಇದ್ದಾಗ ಫಿಲ್ಟರಿನ ಕಾಗದದ ಮೂಲಕ ಆಯಿಲ್ ಸಲೀಸಾಗಿ ಹಾಯುವುದಿಲ್ಲ. ಒತ್ತಡ ಏರಿ ಫಿಲ್ಟರಿನ ಬೈಪಾಸ್ ವಾಲ್ವ್ ತೆರೆದುಕೊಂಡರೆ, ಸೋಸದ ಆಯಿಲ್ಲೇ ಬೇರಿಂಗಿಗೆ ಹೋಗುತ್ತದೆ. ನನ್ನ ಗಾಡಿಯ ಆ ನಾಲ್ಕೈದು ಸೆಕೆಂಡಿನ ಅರ್ಥ ಇಷ್ಟೇ. ಮುಂದಿನ ಸಲ 15ಡಬ್ಲ್ಯೂ-40ಗೆ ವಾಪಸ್ ಬಂದೆ, ಸದ್ದು ನಿಂತಿತು.

ಹಾಗಾದರೆ ಗಟ್ಟಿ ಆಯಿಲ್ ಬೇಕಾಗುವ ಹಳೆ ಎಂಜಿನ್ ಇಲ್ಲವೇ? ಇದೆ. ಬೋರು, ರಿಂಗು ಸವೆದು, ಕಾದ ಮೇಲೆ ಆಯಿಲ್ ಪ್ರೆಶರ್ ಬೀಳುತ್ತಿದ್ದರೆ, ಸಾವಿರ ಕಿಲೋಮೀಟರಿಗೆ ಲೀಟರ್ ಹತ್ತಿರ ಆಯಿಲ್ ತಿನ್ನುತ್ತಿದ್ದರೆ, ಗಾಡಿಯ ಪುಸ್ತಕವೂ ನಿಮ್ಮ ಊರಿನ ಬಿಸಿಲಿಗೆ 50 ಗ್ರೇಡನ್ನು ಒಪ್ಪಿದ್ದರೆ, ಹಾಕಿ ನೋಡಬಹುದು. ಎಂಜಿನ್ ಕೆಲಸಕ್ಕೆ ದುಡ್ಡು ಹೊಂದಿಸುವ ತನಕ ಅದು ಕಾಲ ತಳ್ಳುವ ಉಪಾಯ. ಸವೆದದ್ದನ್ನು ಅದು ತುಂಬಿಕೊಡುವುದಿಲ್ಲ. ಮೊದಲು ಆಯಿಲ್ ಎಲ್ಲಿ ಹೋಗುತ್ತಿದೆ ಅಂತ ನೋಡಿ. ಬೆಳಿಗ್ಗೆ ಸ್ಟಾರ್ಟ್ ಮಾಡಿದ ಕೂಡಲೇ ಒಂದು ಮೋಡ ನೀಲಿ ಹೊಗೆ ಬಂದು ನಿಂತರೆ ವಾಲ್ವ್ ಸೀಲಿನ ಮೇಲೆ ಅನುಮಾನ. ಏರಿನಲ್ಲಿ ಎಳೆಯುವಾಗ ಉದ್ದಕ್ಕೂ ನೀಲಿ ಹೊಗೆ, ಆಯಿಲ್ ಹಾಕುವ ಮುಚ್ಚಳ ತೆಗೆದರೆ ಭುಸ್ ಅಂತ ಗಾಳಿ, ಅಂದರೆ ಮೆಕ್ಯಾನಿಕ್‌ಗಳು ಹೇಳುವ ಬ್ಯಾಕ್ ಕಂಪ್ರೆಶನ್, ಇದ್ದರೆ ರಿಂಗಿನ ಕಥೆ. ನಿಲ್ಲಿಸಿದ ಜಾಗದಲ್ಲಿ ತೊಟ್ಟು ಬಿದ್ದಿದ್ದರೆ ಅದು ಬರೀ ಲೀಕು. ಕೆಲವು ನೂರು ರೂಪಾಯಿಯ ಸೀಲಿಗೆ ಹೆದರಿ ಗ್ರೇಡ್ ಬದಲಾಯಿಸುವುದು ಬೇಡ.

ಈಗ ನಂಬರಿಗಿಂತ ಜಾಸ್ತಿ ಮುಖ್ಯವಾದ, ಆದರೆ ಯಾರೂ ಓದದ ಅಕ್ಷರಗಳಿಗೆ ಬರುತ್ತೇನೆ. ಡಬ್ಬಿಯ ಹಿಂಬದಿಯಲ್ಲಿ ಎಪಿಐ (ಅಮೆರಿಕದ ಪೆಟ್ರೋಲಿಯಂ ಸಂಸ್ಥೆ) ಅಂತ ಬರೆದು, ಪಕ್ಕದಲ್ಲಿ ಸಿಎಚ್-4, ಸಿಐ-4, ಸಿಕೆ-4 ಅಂತಲೋ, ಎಸ್‌ಎನ್, ಎಸ್‌ಪಿ ಅಂತಲೋ ಇರುತ್ತದೆ. ಸಿ ಯಿಂದ ಶುರುವಾದರೆ ಡೀಸೆಲ್ಲಿನದು, ಎಸ್ ನಿಂದ ಶುರುವಾದರೆ ಪೆಟ್ರೋಲಿನದು. ಎರಡೂ ಇದ್ದರೆ ಎರಡಕ್ಕೂ ಆಗುತ್ತದೆ. ನಂಬರು ಆಯಿಲ್ ಎಷ್ಟು ಮಂದ ಅಂತ ಮಾತ್ರ ಹೇಳುತ್ತದೆ. ಒಳಗೆ ಮಸಿ ಹಿಡಿದಿಡುವ, ಆಮ್ಲ ಕೊಲ್ಲುವ, ಸವೆತ ತಡೆಯುವ ಮದ್ದು ಎಷ್ಟಿದೆ ಅಂತ ಹೇಳುವುದು ಈ ಅಕ್ಷರ. ಹಾಗಾಗಿ ಬರೀ ಪೆಟ್ರೋಲಿನ ಆಯಿಲನ್ನೋ, ಬೈಕಿಗೆ ತಂದು ಉಳಿದ ಆಯಿಲನ್ನೋ ಬೊಲೆರೊಗೆ ಸುರಿಯಬೇಡಿ, ನಂಬರು ಒಂದೇ ಇದ್ದರೂ.

ಸಿ ಆದ ಮೇಲಿನ ಅಕ್ಷರ ಮುಂದೆ ಹೋದ ಹಾಗೆ ಆಯಿಲ್ ಹೊಸ ಕಾಲದ್ದು. ಸಿಎಚ್-4 ಬಂದದ್ದು 1998ರಲ್ಲಿ, ಸಿಐ-4 2002ರಲ್ಲಿ, ಸಿಕೆ-4 2016ರ ಕೊನೆಗೆ. ಸಿಎಚ್-4 ಕೇಳುವ ಹಳೆ ಎಂಜಿನ್ನಿಗೆ ಸಿಐ-4 ಹಾಕಬಹುದು, ಅದಕ್ಕಿಂತ ಒಳ್ಳೆಯದೇ ಹಾಕಿದಂತೆ. ಹಿಂದಕ್ಕೆ ಹೋಗಬಾರದು ಅಷ್ಟೇ. ಬಿಎಸ್6 ಡೀಸೆಲ್ ಗಾಡಿಗಳ ಸೈಲೆನ್ಸರ್ ಸಾಲಿನಲ್ಲಿ ಮಸಿ ಹಿಡಿಯುವ ಡಿಪಿಎಫ್ ಇರುತ್ತದೆ, ಅದು ಕಟ್ಟಿಕೊಳ್ಳದ ಹಾಗೆ ಬೂದಿ ಕಡಿಮೆ ಬಿಡುವ ಆಯಿಲ್ ಬೇಕು. ನಮ್ಮ ಹಳೆ ಡಿಐಗೆ ಆ ಗೊಡವೆ ಇಲ್ಲ. 2020ರ ಏಪ್ರಿಲ್‌ನಿಂದ ಬಂಕಿನಲ್ಲಿ ಸಿಗುವ ಡೀಸೆಲ್ಲಿನ ಗಂಧಕವೂ ಇಳಿದಿದೆ. ಬಿಎಸ್3 ಕಾಲದಲ್ಲಿ ಹತ್ತು ಲಕ್ಷ ಪಾಲಿಗೆ 350 ಪಾಲಿನ ತನಕ ಇರಬಹುದಿತ್ತು, ಈಗ 10 ಪಾಲು ಮೀರುವಂತಿಲ್ಲ. ಗಂಧಕ ಉರಿದಾಗ ಆಯಿಲ್ಲಿಗೆ ಆಮ್ಲ ಸೇರುತ್ತದೆ. ಹಾಗಾಗಿ ಹೊಸ ಡೀಸೆಲ್ಲಿನಲ್ಲಿ ಹಳೆ ಎಂಜಿನ್ನಿನ ಆಯಿಲ್ ಮೊದಲಿಗಿಂತ ಹಗುರಾಗಿ ಬದುಕುತ್ತದೆ.

ಆಯಿಲ್ ಬೇಗ ಕಪ್ಪಾಯ್ತು ಅಂತ ಗಾಬರಿಯಾಗುವವರನ್ನು ತುಂಬಾ ನೋಡಿದ್ದೇನೆ. ಡೀಸೆಲ್ ಎಂಜಿನ್ನಿನಲ್ಲಿ ಹೊಸ ಆಯಿಲ್ ಕೆಲವೇ ದಿನದಲ್ಲಿ ಕಪ್ಪಾಗುತ್ತದೆ, ಆಗಲೇಬೇಕು. ಮಸಿ ಎಂಜಿನ್ ಗೋಡೆಗೆ ಅಂಟದೆ ಆಯಿಲಿನಲ್ಲಿ ತೇಲುತ್ತಿದೆ ಅಂತ ಅದರ ಅರ್ಥ. ಬಣ್ಣ ಬಿಟ್ಟು ಬೇರೆ ನೋಡಿ. ಬೆಳಿಗ್ಗೆ, ಸಮತಟ್ಟು ಜಾಗದಲ್ಲಿ, ಎಂಜಿನ್ ಹಚ್ಚುವ ಮೊದಲು ಗೇಜ್ ಕಡ್ಡಿ ಎಳೆಯಿರಿ. ಬಟ್ಟೆಯಲ್ಲಿ ಒರೆಸಿ, ಪೂರ್ತಿ ಒಳಗೆ ಹಾಕಿ, ಮತ್ತೆ ತೆಗೆಯಿರಿ. ಎರಡು ಗುರುತಿನ ನಡುವೆ ಇದೆಯಾ? ಒಂದು ತೊಟ್ಟು ಹೆಬ್ಬೆರಳು ತೋರುಬೆರಳ ನಡುವೆ ತಿಕ್ಕಿ. ಮರಳಿನ ಹಾಗೆ ಕರಕರ ಅಂದರೆ ಧೂಳೋ ಲೋಹದ ಪುಡಿಯೋ ಸೇರಿದೆ. ಮೂಸಿದರೆ ಡೀಸೆಲ್ ವಾಸನೆ ಜೋರಾಗಿದ್ದು, ಮಟ್ಟವೂ ತಾನಾಗಿ ಏರಿದ್ದರೆ, ಡೀಸೆಲ್ ಇಳಿಯುತ್ತಿದೆ. ಹಾಲು ಜಾಸ್ತಿಯಾದ ಕಾಫಿಯ ಬಣ್ಣಕ್ಕೆ ತಿರುಗಿದ್ದರೆ ನೀರು ಸೇರಿದೆ. ಆಗ ಗಾಡಿ ತೆಗೆಯಲೇಬೇಡಿ, ಮೆಕ್ಯಾನಿಕ್ ಅನ್ನು ಮನೆಗೇ ಕರೆಸಿ.

ಗೇರ್ ಆಯಿಲಿನ ನಂಬರಿಗೆ ಬೇರೆಯದೇ ಅಳತೆಗೋಲು. 80ಡಬ್ಲ್ಯೂ-90 ಅಂದರೆ ಎಂಜಿನ್ ಆಯಿಲಿನ 40ಕ್ಕಿಂತ ಎರಡು ಪಟ್ಟು ಗಟ್ಟಿ ಅಂತಲ್ಲ. ಎಂಜಿನ್ ಆಯಿಲಿನ ಲೆಕ್ಕದಲ್ಲಿ ಅದು ಹೆಚ್ಚುಕಡಿಮೆ 40-50ರ ಆಸುಪಾಸು. ಇಲ್ಲಿಯೂ ಅಕ್ಷರ ನೋಡಬೇಕು. ಜಿಎಲ್-5ರಲ್ಲಿ ಹಿಂದಿನ ಹೌಸಿಂಗ್‌ನ ಕ್ರೌನ್-ಪಿನಿಯನ್, ಅಂದರೆ ಹಿಂಚಕ್ರ ತಿರುಗಿಸುವ ಗೇರುಗಳು, ತಾಳಿಕೊಳ್ಳಲು ಬೇಕಾದ ಗಂಧಕದ ಮದ್ದು ಜಾಸ್ತಿ. ಅದೇ ಮದ್ದು ಕೆಲವು ಗೇರ್ ಬಾಕ್ಸಿನ ಹಿತ್ತಾಳೆ ರಿಂಗುಗಳನ್ನು ತಿನ್ನಬಹುದು, ಅದಕ್ಕೇ ಅಲ್ಲಿಗೆ ಜಿಎಲ್-4 ಹೇಳಿರುತ್ತಾರೆ. ಗ್ಯಾರೇಜಿನಲ್ಲಿ ಒಂದೇ ಕ್ಯಾನಿನಿಂದ ಎರಡಕ್ಕೂ ಸುರಿಯುವ ಮೊದಲು ಪುಸ್ತಕ ತೆಗೆದು ತೋರಿಸಿ. ಪವರ್ ಸ್ಟೀರಿಂಗ್‌ಗೆ ಸಾಮಾನ್ಯವಾಗಿ ಎಟಿಎಫ್ ಅನ್ನುವ ಕೆಂಪು ಆಯಿಲ್ (ಆಟೋಮ್ಯಾಟಿಕ್ ಗೇರ್ ಬಾಕ್ಸಿನದು), ಅಲ್ಲಿಯೂ ಡಬ್ಬಿಯ ಮುಚ್ಚಳದ ಮೇಲೆ ಬರೆದದ್ದೇ ಪ್ರಮಾಣ.

ರೇಡಿಯೇಟರಿಗೆ ಬೋರ್‌ವೆಲ್ ನೀರು ಹಾಕುವ ಅಭ್ಯಾಸ ನಮ್ಮಲ್ಲಿ ಇನ್ನೂ ಇದೆ. ಪಾತ್ರೆಯ ತಳದಲ್ಲಿ ಕಟ್ಟುವ ಬಿಳಿ ಪದರ ಇದೆಯಲ್ಲ, ಅದೇ ಎಂಜಿನ್ ಒಳಗೂ ಕಟ್ಟುತ್ತದೆ, ಜೊತೆಗೆ ತುಕ್ಕು. ಕೂಲೆಂಟ್ ಅರ್ಧ, ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ಅರ್ಧ. ಹಸಿರಿಗೆ ಕಿತ್ತಳೆ ಬೆರೆಸಬೇಡಿ. ಬಣ್ಣ ಒಂದೇ ಇದೆ ಅಂತಲೂ ಬೆರೆಸಬೇಡಿ, ಬಣ್ಣಕ್ಕೆ ಯಾವ ಕಟ್ಟುಪಾಡೂ ಇಲ್ಲ.

ಬ್ರೇಕ್ ಫ್ಲೂಯಿಡ್ ಬಗ್ಗೆ ನನಗೆ ಎಲ್ಲದಕ್ಕಿಂತ ಜಾಸ್ತಿ ಕಾಳಜಿ, ಯಾಕೆಂದರೆ ನಾವು ಓಡಾಡುವುದು ಚಾರ್ಮಾಡಿ ಘಾಟಿಯಲ್ಲಿ. ಡಾಟ್-3, ಡಾಟ್-4 ಅನ್ನುವ ಎರಡು ದರ್ಜೆಯ ಫ್ಲೂಯಿಡ್‌ಗಳೂ ಗಾಳಿಯ ತೇವ ಹೀರುತ್ತವೆ, ಮಲೆನಾಡಿನ ಮಳೆಗಾಲದಲ್ಲಿ ತೇವಕ್ಕೇನು ಬರ? ಹೊಸ ಡಾಟ್-3 ಕನಿಷ್ಠ 205 ಡಿಗ್ರಿ ತನಕ ಕುದಿಯಬಾರದು. ನೀರು ಕುಡಿದ ಮೇಲೆ ಆ ಮಿತಿ 140ಕ್ಕೆ ಇಳಿಯುತ್ತದೆ. ಡಾಟ್-4ಕ್ಕೆ 230, ನೀರು ಸೇರಿದರೆ 155. ಕೊಟ್ಟಿಗೆಹಾರದಿಂದ ಇಳಿಯುವಾಗ ತಿರುವು ತಿರುವಿಗೂ ಬ್ರೇಕ್ ಒತ್ತಿದರೆ ಡಿಸ್ಕ್ ಕಾಯುತ್ತದೆ, ಹಳೆ ಫ್ಲೂಯಿಡ್ ಕುದಿದು ಆವಿಯಾಗುತ್ತದೆ. ಆವಿಯನ್ನು ಒತ್ತಿದರೆ ಕುಗ್ಗುತ್ತದೆ, ಪೆಡಲ್ ಸುಮ್ನೆ ನೆಲದ ತನಕ ಹೋಗುತ್ತದೆ. ಎರಡು ವರ್ಷಕ್ಕೊಮ್ಮೆ ಪೂರ್ತಿ ತೆಗೆಸಿ ಹೊಸದು ಹಾಕಿಸಿ. ಸೀಲ್ ಒಡೆದು ಎಷ್ಟೋ ದಿನವಾದ ಡಬ್ಬಿಯದು ಬೇಡ. ಡಾಟ್-5 ಅಂತ ಇದ್ದರೆ ಮುಟ್ಟಬೇಡಿ, ಅದು ಸಿಲಿಕೋನಿನದು, ಇವುಗಳ ಜೊತೆ ಸೇರುವುದಿಲ್ಲ. ನಾವು ಪ್ರತಿ ವರ್ಷ ಮೇ ಕೊನೆಗೆ, ಮಳೆ ಹಿಡಿಯುವ ಮೊದಲು, ಬಾನೆಟ್ ಎತ್ತಿ ಒಳಗಿನ ಬ್ರೇಕ್ ಫ್ಲೂಯಿಡ್ ಡಬ್ಬಿ ನೋಡುತ್ತೇವೆ. ಜೇನಿನ ತಿಳಿ ಬಣ್ಣ ಹೋಗಿ ಕಷಾಯದ ಬಣ್ಣ ಬಂದಿದ್ದರೆ, ಎರಡು ವರ್ಷ ಆಗುವ ತನಕವೂ ಕಾಯುವುದಿಲ್ಲ.