‘ಬಿ’ ಕ್ರಿಯಾಪದದ ಮುಂದೆ ಪ್ರೆಪೊಸಿಷನ್ ಬಂದಾಗ

ಆಮ್, ಈಸ್, ಆರ್, ವಾಸ್, ವರ್, ಬೀನ್. ಇವೆಲ್ಲ ಇಂಗ್ಲಿಷಿನ ‘ಬಿ’ ಎಂಬ ಒಂದೇ ಕ್ರಿಯಾಪದದ ರೂಪಗಳು. ಇದರ ಮುಂದೆ ನಾಮಪದ ಬರಬಹುದು: ‘ಶೀ ಈಸ್ ಎ ಡಾಕ್ಟರ್’. ಗುಣವಾಚಕ ಬರಬಹುದು: ‘ಶೀ ಈಸ್ ಟಾಲ್’. ಪ್ರೆಪೊಸಿಷನ್‌ನಿಂದ (‘ಇನ್’, ‘ಆನ್’, ‘ಅಟ್’ನಂಥ ಪದದಿಂದ) ಶುರುವಾಗುವ ಪದಗುಚ್ಛವೂ ಬರಬಹುದು: ‘ಶೀ ಈಸ್ ಇನ್ ದ ಗಾರ್ಡನ್’. ಮೊದಲ ಎರಡನ್ನು ಎಲ್ಲರೂ ಬೇಗ ಕಲಿತುಬಿಡುತ್ತಾರೆ. ಮೂರನೆಯದು ನೋಡೋಕೆ ಸುಲಭ, ಆದರೆ ನಾವು ಜಾಸ್ತಿ ಎಡವುವುದು ಅಲ್ಲೇ. ಹಾಗಾಗಿ ಈ ಟಿಪ್ಪಣಿ ಪೂರ್ತಿ ಅದಕ್ಕೇ.

ಮೊದಲು ಒಂದು ಸಣ್ಣ ಪರೀಕ್ಷೆ ಮಾಡಿ ನೋಡೋಣ. ‘ಶೀ ಸಿಂಗ್ಸ್ ಇನ್ ದ ಗಾರ್ಡನ್’ ಎಂಬ ವಾಕ್ಯದಿಂದ ‘ಇನ್ ದ ಗಾರ್ಡನ್’ ತೆಗೆಯಿರಿ. ‘ಶೀ ಸಿಂಗ್ಸ್’ ಉಳಿಯಿತು. ಅದು ಪೂರ್ತಿ ವಾಕ್ಯವೇ. ಈಗ ‘ಶೀ ಈಸ್ ಇನ್ ದ ಗಾರ್ಡನ್’ನಿಂದ ಅದನ್ನೇ ತೆಗೆಯಿರಿ. ಉಳಿದ ‘ಶೀ ಈಸ್’ ಅರ್ಧಕ್ಕೇ ನಿಂತುಹೋಗುತ್ತದೆ. ಅಂದರೆ ಇಲ್ಲಿ ‘ಈಸ್’ ಮಾಡುವ ಕೆಲಸ ತುಂಬಾ ಕಡಿಮೆ. ಅದು ಕಾಲ ತೋರಿಸುತ್ತದೆ, ಕರ್ತೃವಿಗೆ ತಕ್ಕ ರೂಪ ತಾಳುತ್ತದೆ, ಅಷ್ಟೇ. ಹೇಳಬೇಕಾದ ವಿಷಯವೆಲ್ಲ ಪ್ರೆಪೊಸಿಷನ್ ಇರುವ ಗುಚ್ಛದಲ್ಲೇ ಇರುತ್ತದೆ. ಅದಕ್ಕೇ ‘ಬಿ ಆನ್ ಟೈಮ್’, ‘ಬಿ ಇನ್ ಟ್ರಬಲ್’ ಅಂತ ಇಡಿಯಾಗಿ ಕಲಿಯಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಬಿಡಿಬಿಡಿಯಾಗಿ ಕಲಿತರೆ ಮಾತಾಡುವ ಹೊತ್ತಿಗೆ ಜೋಡಿಸೋಕೆ ಆಗುವುದಿಲ್ಲ.

ಜಾಗ ಹೇಳುವ ವಾಕ್ಯಗಳಲ್ಲಿ ನಮ್ಮ ಸಪ್ತಮಿ ವಿಭಕ್ತಿ ಸ್ವಲ್ಪ ದಾರಿ ತಪ್ಪಿಸುತ್ತದೆ. ‘ಕಾರಿನಲ್ಲಿದ್ದೇನೆ’, ‘ಬಸ್ಸಿನಲ್ಲಿದ್ದೇನೆ’, ‘ಬಸ್ ಸ್ಟಾಪಿನಲ್ಲಿದ್ದೇನೆ’. ಮೂರಕ್ಕೂ ನಮಗೆ ‘ಅಲ್ಲಿ’ ಒಂದೇ ಸಾಕು. ಇಂಗ್ಲಿಷಿನಲ್ಲಿ ಮೂರೂ ಬೇರೆ: ‘ಐ ಆಮ್ ಇನ್ ದ ಕಾರ್’, ‘ಐ ಆಮ್ ಆನ್ ದ ಬಸ್’, ‘ಐ ಆಮ್ ಅಟ್ ದ ಬಸ್ ಸ್ಟಾಪ್’. ಸುತ್ತಲೂ ಆವರಿಸಿದ ಜಾಗಕ್ಕೆ ‘ಇನ್’. ಮೇಲ್ಮೈಗೆ ‘ಆನ್’. ಎದ್ದು ಓಡಾಡಬಹುದಾದ ಬಸ್ಸು, ರೈಲು, ವಿಮಾನ, ಹಡಗಿಗೂ ಸಾಮಾನ್ಯವಾಗಿ ‘ಆನ್’ ಬರುತ್ತದೆ. ಕಾರು, ಟ್ಯಾಕ್ಸಿಗೆ ‘ಇನ್’. ಜಾಗವನ್ನು ನಕ್ಷೆಯ ಮೇಲಿನ ಒಂದು ಚುಕ್ಕಿಯ ಹಾಗೆ ನೋಡುವಾಗ ‘ಅಟ್’. ಒಂದೇ ಜಾಗಕ್ಕೆ ಎರಡೂ ಸರಿಹೊಂದುವುದುಂಟು. ‘ದೆ ಆರ್ ಅಟ್ ದ ಸ್ಟೇಶನ್’ ಅಂದರೆ ಸ್ಟೇಶನ್ ಹತ್ತಿರ ಎಲ್ಲಾದರೂ ಇರಬಹುದು, ಬಾಗಿಲ ಹೊರಗೂ ಇರಬಹುದು. ‘ಇನ್ ದ ಸ್ಟೇಶನ್’ ಅಂದರೆ ಒಳಗೇ.

ಸಮಯದ ವಿಷಯ ಇಷ್ಟು ಕಷ್ಟ ಇಲ್ಲ. ಗಂಟೆಗೆ ‘ಅಟ್’, ದಿನ ಮತ್ತು ತಾರೀಖಿಗೆ ‘ಆನ್’, ತಿಂಗಳು ಮತ್ತು ವರ್ಷಕ್ಕೆ ‘ಇನ್’: ‘ದ ಮೀಟಿಂಗ್ ಈಸ್ ಅಟ್ ಟೆನ್’, ‘ಆನ್ ಮಂಡೇ’, ‘ಇನ್ ಮಾರ್ಚ್’.

ಇದಕ್ಕಿಂತ ಜಾಸ್ತಿ ಗಮನ ಕೊಡಬೇಕಾದದ್ದು ‘ದೇರ್ ಈಸ್’ ವಿಷಯಕ್ಕೆ. ‘ಪುಸ್ತಕ ಮೇಜಿನ ಮೇಲಿದೆ’, ‘ಮೇಜಿನ ಮೇಲೆ ಪುಸ್ತಕ ಇದೆ’. ಎರಡೂ ಒಂದೇ ಅಲ್ಲ, ಅಲ್ವಾ? ಮೊದಲನೆಯದರಲ್ಲಿ ಯಾವ ಪುಸ್ತಕ ಅಂತ ಕೇಳುವವರಿಗೆ ಗೊತ್ತು, ಎಲ್ಲಿದೆ ಅನ್ನುವುದಷ್ಟೇ ಹೊಸದು. ಎರಡನೆಯದರಲ್ಲಿ ಪುಸ್ತಕವೇ ಹೊಸ ಸುದ್ದಿ. ನಾವು ಪದಗಳನ್ನು ಹಿಂದೆ ಮುಂದೆ ಮಾಡಿ ಈ ವ್ಯತ್ಯಾಸ ತೋರಿಸುತ್ತೇವೆ. ಇಂಗ್ಲಿಷ್ ವಾಕ್ಯದ ರಚನೆಯನ್ನೇ ಬದಲಿಸುತ್ತದೆ: ‘ದ ಬುಕ್ ಈಸ್ ಆನ್ ದ ಟೇಬಲ್’, ‘ದೇರ್ ಈಸ್ ಎ ಬುಕ್ ಆನ್ ದ ಟೇಬಲ್’. ‘ಎ ಬುಕ್ ಈಸ್ ಆನ್ ದ ಟೇಬಲ್’ ಅನ್ನುವುದು ವ್ಯಾಕರಣದ ಪ್ರಕಾರ ತಪ್ಪಲ್ಲ. ಆದರೂ ಕಿವಿಗೆ ಹೊಂದುವುದಿಲ್ಲ, ಯಾಕೆಂದರೆ ಹೊಸ ಸುದ್ದಿಯನ್ನು ಮೊದಲೇ ತಂದು ಇಟ್ಟ ಹಾಗಾಗುತ್ತದೆ. ‘ದೇರ್’ ಬಂದಾಗ ‘ಈಸ್’ ಹಾಕಬೇಕೋ ‘ಆರ್’ ಹಾಕಬೇಕೋ ಅನ್ನುವುದನ್ನು ಆಮೇಲೆ ಬರುವ ನಾಮಪದ ನೋಡಿ ತೀರ್ಮಾನಿಸಿ: ‘ದೇರ್ ಆರ್ ಟೂ ಬುಕ್ಸ್ ಆನ್ ದ ಟೇಬಲ್’. ಕಥೆಗಳಲ್ಲಿ ‘ಆನ್ ದ ಟೇಬಲ್ ವಾಸ್ ಎ ಲೆಟರ್’ ಎಂಬ ಕ್ರಮವೂ ಸಿಗುತ್ತದೆ. ಅದು ನಮ್ಮ ‘ಮೇಜಿನ ಮೇಲೆ ಒಂದು ಪತ್ರ ಇತ್ತು’ಗೆ ಹತ್ತಿರ. ಓದುವಾಗ ಚೆನ್ನ, ಆದರೆ ಮಾತಿನಲ್ಲಿ ‘ದೇರ್ ವಾಸ್’ ಅನ್ನುವುದೇ ಸಹಜ.

ಇನ್ನು ನನಗೆ ತುಂಬಾ ಇಷ್ಟವಾದ ಭಾಗ: ಸ್ಥಿತಿ ಹೇಳುವ ಗುಚ್ಛಗಳು. ಇಲ್ಲಿ ಜಾಗವೇ ಇರುವುದಿಲ್ಲ, ಆದರೂ ಜಾಗದ ಪ್ರೆಪೊಸಿಷನ್ ಬರುತ್ತದೆ. ‘ಹಿ ಈಸ್ ಇನ್ ಡೇಂಜರ್’, ‘ಇನ್ ಎ ಹರಿ’. ನಮ್ಮಲ್ಲೂ ‘ಅಪಾಯದಲ್ಲಿದ್ದಾನೆ’, ‘ಅವಸರದಲ್ಲಿದ್ದಾನೆ’ ಅನ್ನುತ್ತೇವೆ, ಹಾಗಾಗಿ ‘ಇನ್’ ಅಷ್ಟು ಕಾಡುವುದಿಲ್ಲ. ಆದರೆ ‘ಒತ್ತಡದಲ್ಲಿದ್ದೇನೆ’ ಅನ್ನುವಾಗ ಇಂಗ್ಲಿಷ್ ‘ಅಂಡರ್ ಪ್ರೆಶರ್’ ಅನ್ನುತ್ತದೆ. ಯಾವುದೋ ಒಂದು ಪ್ರಕ್ರಿಯೆಗೆ ಒಳಪಟ್ಟಾಗಲೂ ‘ಅಂಡರ್’ ಬರುತ್ತದೆ: ‘ಅಂಡರ್ ರಿಪೇರ್’, ‘ಅಂಡರ್ ಕನ್‌ಸ್ಟ್ರಕ್ಷನ್’. ‘ಆನ್ ಡ್ಯೂಟಿ’, ‘ಆನ್ ಲೀವ್’, ‘ಆನ್ ಸ್ಟ್ರೈಕ್’ ಇವೆಲ್ಲ ಸದ್ಯಕ್ಕೆ ನಡೆಯುತ್ತಿರುವ ಸ್ಥಿತಿಗಳು. ಕೈಮೀರಿದ್ದಕ್ಕೆ, ಮುಗಿದುಹೋದದ್ದಕ್ಕೆ, ದಾಟಿ ಬಂದದ್ದಕ್ಕೆ ‘ಔಟ್ ಆಫ್’: ‘ಔಟ್ ಆಫ್ ಕಂಟ್ರೋಲ್’, ‘ಔಟ್ ಆಫ್ ಸ್ಟಾಕ್’, ‘ಔಟ್ ಆಫ್ ಡೇಂಜರ್’. ಇವನ್ನೆಲ್ಲ ಸುಮ್ನೆ ಬಾಯಿಪಾಠ ಮಾಡಬೇಡಿ. ಒಂದು ಪ್ರೆಪೊಸಿಷನ್ ಹಿಡಿದು ಅದರ ಕುಟುಂಬವನ್ನು ಒಟ್ಟಿಗೆ ಬರೆದುಕೊಂಡರೆ ಬೇಗ ನೆನಪಿರುತ್ತದೆ.

ಇಂಥ ಗುಚ್ಛಗಳಲ್ಲಿ ಎಷ್ಟೋ ಕಡೆ ಆರ್ಟಿಕಲ್ (‘ಎ’, ‘ದ’ ಥರದ ಪದ) ಇರುವುದಿಲ್ಲ. ‘ಇನ್ ದ ಡೇಂಜರ್’ ಅಂದರೆ ತಪ್ಪು. ಕೆಲವು ಕಡೆ ‘ದ’ ಸೇರಿದರೆ ಅರ್ಥವೇ ತಿರುಗುತ್ತದೆ. ‘ಶೀ ಈಸ್ ಇನ್ ಚಾರ್ಜ್ ಆಫ್ ದ ಚಿಲ್ಡ್ರನ್’ ಅಂದರೆ ಮಕ್ಕಳ ಜವಾಬ್ದಾರಿ ಅವಳದು. ‘ದ ಚಿಲ್ಡ್ರನ್ ಆರ್ ಇನ್ ದ ಚಾರ್ಜ್ ಆಫ್ ಎ ನರ್ಸ್’ ಅಂದರೆ ಮಕ್ಕಳು ನರ್ಸ್ ಸುಪರ್ದಿಯಲ್ಲಿದ್ದಾರೆ. ಒಂದರಲ್ಲಿ ನೋಡಿಕೊಳ್ಳುವವಳು ಕರ್ತೃ, ಇನ್ನೊಂದರಲ್ಲಿ ನೋಡಿಕೊಳ್ಳಲ್ಪಡುವವರು. ‘ಹಿ ಈಸ್ ಇನ್ ಹಾಸ್ಪಿಟಲ್’ ಅಂದರೆ ಬ್ರಿಟಿಷ್ ಇಂಗ್ಲಿಷಿನಲ್ಲಿ ರೋಗಿಯಾಗಿ ದಾಖಲಾಗಿದ್ದಾನೆ ಅಂತ ಅರ್ಥ. ಅಮೆರಿಕದವರು ಅದಕ್ಕೂ ‘ಇನ್ ದ ಹಾಸ್ಪಿಟಲ್’ ಅನ್ನುತ್ತಾರೆ. ‘ಆನ್ ಟೈಮ್’ ಅಂದರೆ ನಿಗದಿಯಾದ ಹೊತ್ತಿಗೆ ಸರಿಯಾಗಿ. ‘ಇನ್ ಟೈಮ್’ ಅಂದರೆ ತಡವಾಗುವ ಮೊದಲೇ. ‘ದ ಟ್ರೇನ್ ವಾಸ್ ಆನ್ ಟೈಮ್, ಅಂಡ್ ವಿ ವರ್ ಇನ್ ಟೈಮ್ ಫಾರ್ ಇಟ್’ ಎಂಬ ಒಂದೇ ವಾಕ್ಯ ನೆನಪಿಟ್ಟುಕೊಂಡರೆ ಎರಡೂ ಬರುತ್ತವೆ.

ಕನ್ನಡದಲ್ಲಿ ಕ್ರಿಯಾಪದವೇ ಬೇಡವಾದ ಕಡೆ ಹುಷಾರಾಗಿರಬೇಕು. ‘ಇದು ನಿನಗೆ’, ‘ಈ ಪುಸ್ತಕ ಪಕ್ಷಿಗಳ ಬಗ್ಗೆ’, ‘ಅವಳು ಜಪಾನಿನವಳು’. ಇವುಗಳಲ್ಲಿ ‘ಇದೆ’ಯೂ ಇಲ್ಲ, ‘ಇದ್ದಾಳೆ’ಯೂ ಇಲ್ಲ. ಇಂಗ್ಲಿಷಿನಲ್ಲಿ ‘ಬಿ’ ಬಿಡುವ ಹಾಗಿಲ್ಲ: ‘ದಿಸ್ ಈಸ್ ಫಾರ್ ಯು’, ‘ದ ಬುಕ್ ಈಸ್ ಅಬೌಟ್ ಬರ್ಡ್ಸ್’, ‘ಶೀ ಈಸ್ ಫ್ರಮ್ ಜಪಾನ್’. ಇವನ್ನೇ ಪ್ರಶ್ನೆ ಮಾಡಿದಾಗ ಪ್ರೆಪೊಸಿಷನ್ ಕೊನೆಯಲ್ಲೇ ಉಳಿಯುತ್ತದೆ: ‘ಹೂ ಈಸ್ ದಿಸ್ ಫಾರ್?’, ‘ವಾಟ್ ಈಸ್ ದ ಬುಕ್ ಅಬೌಟ್?’, ‘ವೇರ್ ಈಸ್ ಶೀ ಫ್ರಮ್?’. ‘ಎಲ್ಲಿಂದ’ ಅನ್ನುವುದು ನಮ್ಮಲ್ಲಿ ಒಂದೇ ಪದ. ಅದೇ ರೂಢಿಯಲ್ಲಿ ‘ಫ್ರಮ್ ವೇರ್ ಈಸ್ ಶೀ?’ ಅಂತ ಬಾಯಿಗೆ ಬಂದುಬಿಡುತ್ತದೆ, ಆದರೆ ಯಾರೂ ಹಾಗೆ ಕೇಳುವುದಿಲ್ಲ.

‘ಶೀ ಈಸ್ ಗುಡ್ ಅಟ್ ಮ್ಯಾಥ್ಸ್’ ಎಂಬುದು ಇದೇ ಗುಂಪಿನದಲ್ಲ. ಅಲ್ಲಿ ‘ಅಟ್’ ಅಂಟಿಕೊಂಡಿರುವುದು ‘ಗುಡ್’ಗೆ, ‘ಈಸ್’ಗೆ ಅಲ್ಲ. ಅದನ್ನು ಗುಣವಾಚಕಗಳ ಜೊತೆ ಓದಿಕೊಳ್ಳುವುದು ಒಳ್ಳೆಯದು.

ಕೊನೆಗೆ ‘ಟು’. ‘ಐ ಆಮ್ ಟು ಜಪಾನ್’, ‘ಐ ವಾಸ್ ಟು ಜಪಾನ್’ ಎರಡೂ ತಪ್ಪು, ಯಾಕೆಂದರೆ ‘ಟು’ ಚಲನೆ ಹೇಳುತ್ತದೆ, ‘ಬಿ’ ಇರವು ಹೇಳುತ್ತದೆ. ಆದರೆ ‘ಐ ಹ್ಯಾವ್ ಬೀನ್ ಟು ಜಪಾನ್’ ಸರಿ: ಹೋಗಿ ಬಂದಿದ್ದೇನೆ ಅಂತ ಅರ್ಥ. ‘ಶೀ ಹ್ಯಾಸ್ ಗಾನ್ ಟು ಜಪಾನ್’ ಅಂದರೆ ಹೋಗಿದ್ದಾಳೆ, ಇನ್ನೂ ವಾಪಸ್ ಬಂದಿಲ್ಲ. ಈ ‘ಬೀನ್ ಟು’ ಪರ್ಫೆಕ್ಟ್ ಕಾಲದಲ್ಲಿ ಮಾತ್ರ ಸಿಗುತ್ತದೆ. ‘ಹ್ಯಾವ್’, ‘ಹ್ಯಾಸ್’, ‘ಹ್ಯಾಡ್’ ಇಲ್ಲದಿದ್ದರೆ ‘ವೆಂಟ್ ಟು’ ಅನ್ನಿ.