ಕಾರಿಲ್ಲದ ಸೈಕಲ್ ದಾರಿ ಅಂತಾರಲ್ಲ, ನಿಜವಾಗ್ಲೂ ಕಾರೇ ಇರಲ್ವಾ?

ಶಿಕಾಗೋ ಸುತ್ತಮುತ್ತ ಇರುವ ನಮ್ಮವರು ಮೇ ತಿಂಗಳು ಬಂತೆಂದರೆ ಈ ಪ್ರಶ್ನೆ ಕೇಳೇ ಕೇಳುತ್ತಾರೆ. ಹೆಚ್ಚು ಕಡಿಮೆ ಹೀಗಿರುತ್ತದೆ:

"ಅಪ್ಪ ಅಮ್ಮ ಊರಿಂದ ಬಂದಿದ್ದಾರೆ. ಅಪ್ಪ ಈಗಲೂ ಸೈಕಲ್ ತುಳೀತಾರೆ, ಆದ್ರೆ ಇಲ್ಲಿನ ರಸ್ತೆಗೆ ಬಿಡೋಕೆ ನನಗೆ ಭಯ. ಮಗಳಿಗೆ ಒಂಬತ್ತು ವರ್ಷ. ಹುಲ್ಲುಗಾವಲು, ಕಾಡು, ನದಿ ಪಕ್ಕ ಎಲ್ಲಾ ಕಾರಿಲ್ಲದ ದಾರಿ ಇದೆ ಅಂತಾರೆ. ಪೂರ್ತಿ ಕಾರಿಲ್ಲವಾ? ಇವರಿಬ್ಬರ ಕೈಲಿ ಆಗತ್ತಾ?"

ಆಗುತ್ತದೆ. ಕಾರಿನ ವಿಷಯಕ್ಕೆ ಬಂದರೆ, ದಾರಿಯ ಉದ್ದಕ್ಕೂ ಇಲ್ಲ, ದಾರಿಗೆ ಅಡ್ಡ ಇದೆ. ಈ ದಾರಿಗಳಲ್ಲಿ ಬಹುಪಾಲು ಒಂದು ಕಾಲದ ರೈಲು ದಾರಿಗಳು. ಹಳಿ ಕಿತ್ತು, ಆ ಜಾಗದಲ್ಲಿ ನೆಲ ಹದ ಮಾಡಿದ್ದಾರೆ ಅಷ್ಟೇ. ಇದೊಂದು ತಲೆಯಲ್ಲಿದ್ದರೆ ಸಾಕು, ದಾರಿ ಎಲ್ಲಿ ಸಲೀಸು, ಎಲ್ಲಿ ಕಷ್ಟ, ಎಲ್ಲಿ ನೀರು ಸಿಗುತ್ತದೆ ಅನ್ನೋದನ್ನೆಲ್ಲ ಮ್ಯಾಪ್ ನೋಡದೆ ಊಹಿಸಬಹುದು.

ನಮ್ಮ ಮನೆಗೆ ಹತ್ತಿರದ ಇಲಿನಾಯ್ ಪ್ರೈರಿ ಪಾತ್ ಅನ್ನೇ ತಗೊಳ್ಳಿ, ಪ್ರೈರಿ ಅಂದರೆ ಇಲ್ಲಿನ ಹುಲ್ಲುಗಾವಲು. ಎಲ್ಲ ಕವಲು ಸೇರಿ ಸುಮಾರು 100 ಕಿಲೋಮೀಟರ್. ಅಲ್ಲಿ 1902ರಿಂದ ಶಿಕಾಗೋ ಅರೋರಾ ಆಂಡ್ ಎಲ್ಜಿನ್ ಅನ್ನೋ ಕಂಪನಿಯ ಕರೆಂಟ್ ರೈಲು ಓಡುತ್ತಿತ್ತು. ಹಳ್ಳಿ ಕಡೆಯವರು ಬೆಳಿಗ್ಗೆ ಹತ್ತಿ ನಗರಕ್ಕೆ ಕೆಲಸಕ್ಕೆ ಹೋಗಿ ಸಂಜೆ ವಾಪಸ್ ಬರುತ್ತಿದ್ದರು. ಆಮೇಲೆ ನಗರದೊಳಕ್ಕೆ ದೊಡ್ಡ ಹೆದ್ದಾರಿ ಕಟ್ಟುವ ಕೆಲಸ ಶುರುವಾಗಿ, 1953ರಲ್ಲಿ ಈ ರೈಲು ನಗರದ ಹೊರಗೇ ನಿಲ್ಲುವ ಹಾಗಾಯಿತು. ಅಲ್ಲಿಳಿದು ಬೇರೆ ರೈಲು ಹಿಡಿಯುವ ಗೋಳು ಯಾರಿಗೆ ಬೇಕು? ಜನ ಕಾರು ಕೊಂಡರು. ಕೊನೆಗೆ 1957ರ ಜುಲೈ 3ರಂದು ಮಧ್ಯಾಹ್ನ ಕಂಪನಿ ಪ್ರಯಾಣಿಕರ ರೈಲು ನಿಲ್ಲಿಸಿಯೇ ಬಿಟ್ಟಿತು. ಮಧ್ಯಾಹ್ನ! ಬೆಳಿಗ್ಗೆ ಅದೇ ರೈಲಲ್ಲಿ ಕೆಲಸಕ್ಕೆ ಹೋದವರಿಗೆ ಸಂಜೆ ಮನೆಗೆ ಬರಲು ರೈಲಿಲ್ಲ. ಕಾರಿನ ರಸ್ತೆ ಬಂದು ರೈಲನ್ನು ನುಂಗಿತು, ಆ ರೈಲು ಬಿಟ್ಟು ಹೋದ ಜಾಗದಲ್ಲಿ ಇವತ್ತು ಕಾರಿಗೆ ಪ್ರವೇಶವಿಲ್ಲ. ನನಗಂತೂ ಇದು ಪ್ರತಿ ಸಲ ಒಂಥರಾ ಖುಷಿ ಕೊಡುತ್ತೆ.

ಸುಮ್ನೆ ಬಿಟ್ಟಿದ್ದರೆ ಆ ಜಾಗವೂ ಪಾರ್ಕಿಂಗ್ ಲಾಟ್, ಗೋಡೌನು ಆಗುತ್ತಿತ್ತು. ಮೇ ವಾಟ್ಸ್ ಅನ್ನೋ ಹಿರಿಯ ಹೆಂಗಸು, ಇಲ್ಲಿನ ಮಾರ್ಟನ್ ಆರ್ಬೊರೇಟಮ್ ಎಂಬ ಮರಗಳ ತೋಟದಲ್ಲಿ ಪಾಠ ಹೇಳುತ್ತಿದ್ದವರು, 1963ರ ಸೆಪ್ಟೆಂಬರಿನಲ್ಲಿ ಶಿಕಾಗೋ ಟ್ರಿಬ್ಯೂನ್ ಪತ್ರಿಕೆಗೆ ಒಂದು ಕಾಗದ ಬರೆದರು. ಎರಡು ಕಾಲಲ್ಲಿ ನಡೆಯುವ ನಮಗೆ ಒಂದು ಕಾಲುದಾರಿ ಬೇಕು, ಬೇಗ ಏನಾದರೂ ಮಾಡಿ, ಬುಲ್ಡೋಜರುಗಳು ಆಗಲೇ ಜೊಲ್ಲು ಸುರಿಸುತ್ತ ನಿಂತಿವೆ ಅನ್ನೋ ಧಾಟಿಯ ಕಾಗದ. ಇಂಗ್ಲೆಂಡಿನಲ್ಲಿ ಹೊಲಗಳ ನಡುವಿನ ಕಾಲುದಾರಿಗಳಲ್ಲಿ ನಡೆದು ಬಂದಿದ್ದರಂತೆ, ಅದೇ ತಲೆಯಲ್ಲಿತ್ತು. ಓದಿದವರು ಕೈಜೋಡಿಸಿದರು, 1965ರಲ್ಲಿ ಸಂಸ್ಥೆ ಆಯಿತು. ಅಮೆರಿಕದಲ್ಲಿ ರೈಲು ದಾರಿಯನ್ನು ಹೀಗೆ ಜನರ ದಾರಿ ಮಾಡಿದ ಮೊದಮೊದಲ ಉದಾಹರಣೆಗಳಲ್ಲಿ ಇದೂ ಒಂದು. ಪತ್ರಿಕೆಗೆ ಬರೆದ ಕಾಗದದಿಂದ ಇಷ್ಟಾಗಿದ್ದು ನಾನು ಬೇರೆ ಕಡೆ ಕಂಡಿಲ್ಲ.

ಈಗ ಅಪ್ಪನ ಮಂಡಿಯ ವಿಷಯ. ರೈಲು ಕಡಿದಾದ ಏರು ಹತ್ತಲಾರದು. ನಮ್ಮ ಸಕಲೇಶಪುರ–ಸುಬ್ರಹ್ಮಣ್ಯ ಘಾಟಿಯಂಥ ಜಾಗದಲ್ಲೇ 50 ಅಡಿಗೆ 1 ಅಡಿ ಏರು ಅಷ್ಟೇ, ಅದನ್ನೇ ರೈಲಿನವರು ಭಾರೀ ಏರು ಅಂತಾರೆ. ಇಲ್ಲಿನ ಬಯಲಿನಲ್ಲಿ ಅಷ್ಟೂ ಇಲ್ಲ. ಹಾಗಾಗಿ ಗೇರಿಲ್ಲದ ಸೈಕಲ್ಲೂ ನಡೆಯುತ್ತದೆ. ಆದರೆ ಸಮತಟ್ಟು ದಾರಿಗೆ ತನ್ನದೇ ಒಂದು ಕಾಟ ಇದೆ, ಯಾರೂ ಮೊದಲೇ ಹೇಳಲ್ಲ. ಇಳಿಜಾರೇ ಇಲ್ಲದಿದ್ದರೆ ಪೆಡಲ್ ನಿಲ್ಲಿಸಿ ಕೂರುವ ಸುಖವೂ ಇಲ್ಲ, ಎರಡು ಗಂಟೆ ತುಳೀತಾನೇ ಇರಬೇಕು, ಕಾಲಿಗಿಂತ ಮೊದಲು ನೋಯುವುದು ಕೂತ ಜಾಗ. ಬಯಲಾದ್ದರಿಂದ ಗಾಳಿಗೆ ತಡೆಯೇ ಇಲ್ಲ. ಹೋಗುವಾಗ ಎದುರು ಗಾಳಿ, ಬರುವಾಗ ಹಿಂದಿನಿಂದ ಗಾಳಿ ಆಗುವ ಹಾಗೆ ದಿಕ್ಕು ಆರಿಸಿ. ನಾನು ಮೊದಲ ವರ್ಷ ಉಲ್ಟಾ ಮಾಡಿದೆ. ಹೋಗುವಾಗ ಏನು ಜೋರಾಗಿ ಹೋಗ್ತಿದ್ದೀನಿ ಅಂತ ಬೀಗಿದ್ದೇ ಬೀಗಿದ್ದು, ವಾಪಸ್ ಬರುವಾಗ ಗಾಳಿ ಮುಖಕ್ಕೆ ಹೊಡೆದು ಆರು ಮೈಲಿಯಲ್ಲಿ ಮೂರು ಸಲ ಇಳಿದು ಕೂತೆ.

ನೆಲ ಬಹುತೇಕ ಕಡೆ ಡಾಂಬರಲ್ಲ, ಸುಣ್ಣಕಲ್ಲಿನ ಸಣ್ಣ ಪುಡಿ ಹಾಸಿ ಅದುಮಿದ್ದು. ಒಣಗಿದ್ದಾಗ ಚೆನ್ನಾಗಿರುತ್ತದೆ. ಮಳೆ ಬಂದ ಮರುದಿನ ಮಾತ್ರ ಬೇಡ, ಚಕ್ರಕ್ಕೆ ಮೆತ್ತಿಕೊಂಡು ಒದ್ದಾಡಿಸುತ್ತದೆ. ರೇಸ್ ಸೈಕಲ್ಲಿನ ತೆಳು ಟೈರು ಮನೆಯಲ್ಲೇ ಇರಲಿ. ಬಿಳಿ ಪ್ಯಾಂಟು ಹಾಕಿದರೆ ಪುಡಿ ಕಾಣಲ್ಲ, ಚೈನಿನ ಎಣ್ಣೆ ಕಾಣುತ್ತೆ, ಕಪ್ಪು ಹಾಕಿದರೆ ಉಲ್ಟಾ. ನಿಮ್ಮಿಷ್ಟ.

ಅಡ್ಡ ಬರುವ ಕಾರುಗಳಿಗೆ ಬರೋಣ, ಒಂಬತ್ತು ವರ್ಷದವಳ ವಿಷಯದಲ್ಲಿ ಇದೇ ಮುಖ್ಯ. ರೈಲಿದ್ದಾಗ ಗೇಟು ಹಾಕಿ ಕಾರುಗಳನ್ನು ನಿಲ್ಲಿಸುತ್ತಿದ್ದರು. ಈಗ ರೈಲೂ ಇಲ್ಲ, ಗೇಟೂ ಇಲ್ಲ, ನಿಲ್ಲುವವರು ನಾವು. ಊರುಗಳ ಹತ್ತಿರ ಹೀಗೆ ರಸ್ತೆ ದಾಟುವುದು ಮೇಲಿಂದ ಮೇಲೆ ಬರುತ್ತದೆ, ಕೆಲವು ದೊಡ್ಡ ರಸ್ತೆಗೆ ಮಾತ್ರ ಮೇಲ್ಸೇತುವೆ. ಮಕ್ಕಳು ಮೈಲಿಗಟ್ಟಲೆ ಕಾರು ನೋಡದೆ ಬಂದಿರುತ್ತಾರೆ, ಮೈಮರೆತಿರುತ್ತಾರೆ, ಅದೇ ಗುಂಗಿನಲ್ಲಿ ರಸ್ತೆಗೆ ನುಗ್ಗುತ್ತಾರೆ. ನಮ್ಮ ಮನೆ ಕಾನೂನು ಏನಂದರೆ, ಅಡ್ಡರಸ್ತೆ ಕಂಡರೆ ಒಂದು ಕಾಲು ನೆಲಕ್ಕೆ. ಕಾರು ಇರಲಿ ಬಿಡಲಿ. ಇನ್ನೊಂದು, ಊರಿಂದ ಬಂದ ಹಿರಿಯರದು. ಐವತ್ತು ವರ್ಷದ ಅಭ್ಯಾಸ, ಎಡಕ್ಕೇ ಹೋಗುತ್ತಾರೆ. ಇಲ್ಲಿ ಬಲಕ್ಕೆ ಹೋಗಬೇಕು, ಹಿಂದಿನಿಂದ ಬರುವವರು ಎಡಗಡೆಯಿಂದ ದಾಟುತ್ತಾರೆ, ದಾಟುವ ಮುಂಚೆ "ಆನ್ ಯುವರ್ ಲೆಫ್ಟ್" ಅಂತ ಕೂಗುತ್ತಾರೆ. ನಮ್ಮ ಮಾವನವರು ಅದನ್ನು ಎಡಕ್ಕೆ ಸರಿಯಿರಿ ಅಂತ ಅರ್ಥ ಮಾಡಿಕೊಂಡು, ಪಾಪ, ಮರ್ಯಾದೆಯಿಂದ ಎಡಕ್ಕೇ ಸರಿದರು. ಹಿಂದಿದ್ದವನು ಹುಲ್ಲಿಗೆ ಇಳಿದು ಬಚಾವಾದ. ಹೊರಡುವ ಮುಂಚೆ ಹೇಳಿಕೊಡಿ.

ಹುಲ್ಲುಗಾವಲು ಅಂದಿರಲ್ಲ, ಅದರ ಕತೆಯೂ ರೈಲಿಗೇ ಬಂದು ಸೇರುತ್ತದೆ. ಇಲಿನಾಯ್ ರಾಜ್ಯಕ್ಕೆ ಪ್ರೈರಿ ರಾಜ್ಯ ಅಂತಲೇ ಅಡ್ಡಹೆಸರು. ಒಂದು ಕಾಲಕ್ಕೆ ಸುಮಾರು 2 ಕೋಟಿ 20 ಲಕ್ಷ ಎಕರೆ ಹುಲ್ಲುಗಾವಲಿತ್ತು, 1837ರಲ್ಲಿ ಜಾನ್ ಡಿಯರ್ ಉಕ್ಕಿನ ನೇಗಿಲು ಮಾಡಿದ ಮೇಲೆ ಆ ಗಟ್ಟಿ ಬೇರುಗಳ ನೆಲವೂ ಹೊಲವಾಯಿತು. ಈಗ ಒಳ್ಳೆಯ ಸ್ಥಿತಿಯಲ್ಲಿ ಉಳಿದಿರುವುದು ಎರಡೂವರೆ ಸಾವಿರ ಎಕರೆಯಷ್ಟು. ಅದರಲ್ಲಿ ಕೆಲವು ತುಂಡುಗಳು ಉಳಿದದ್ದೇ ಹಳೆ ಸ್ಮಶಾನಗಳಲ್ಲಿ ಮತ್ತು ರೈಲು ಹಳಿಯ ಅಕ್ಕಪಕ್ಕದಲ್ಲಿ. ಯಾಕೆ ಅಂದರೆ ಈ ಎರಡು ಕಡೆ ಯಾರೂ ನೇಗಿಲು ಹೂಡಲಿಲ್ಲ. ಇಂಜಿನ್ನಿನ ಕಿಡಿ ಬಿದ್ದು ಆಗಾಗ ಬೆಂಕಿ ಹತ್ತಿಕೊಳ್ಳುತ್ತಿತ್ತು, ಅದೂ ಒಳ್ಳೆಯದೇ ಆಯಿತು. ಪ್ರೈರಿಗೆ ಬೆಂಕಿ ಬೇಕು, ಇಲ್ಲದಿದ್ದರೆ ಪೊದೆ, ಮರ ಎದ್ದು ಹುಲ್ಲನ್ನು ಮುಚ್ಚಿಬಿಡುತ್ತವೆ. ಈಗಲೂ ನೋಡಿಕೊಳ್ಳುವವರು ಬೇಕೆಂದೇ ಸುಡುತ್ತಾರೆ, ಕರಕಲು ಬಯಲು ಕಂಡು ಅಯ್ಯೋ ಅನ್ನಬೇಡಿ. ಆಗಸ್ಟಿನಲ್ಲಿ ಹೋದರೆ ಬಿಗ್ ಬ್ಲೂಸ್ಟೆಮ್ ಅನ್ನೋ ಹುಲ್ಲು ಆಳೆತ್ತರ ನಿಂತಿರುತ್ತದೆ. ಕಂಪಾಸ್ ಗಿಡ ಅಂತ ಒಂದಿದೆ, ಹಳದಿ ಹೂವು, ಎಲೆಗಳ ಅಂಚು ತೆಂಕಣ–ಬಡಗಣ ದಿಕ್ಕಿಗೆ ತಿರುಗಿರುತ್ತದೆ. ಮಗಳಿಗೆ ಅದನ್ನು ಹುಡುಕುವ ಕೆಲಸ ಕೊಡಿ, ಎರಡು ಮೈಲಿ ಹೆಚ್ಚಿಗೆ ತುಳೀತಾಳೆ.

ಪ್ರೈರಿಯನ್ನು ಇನ್ನೂ ಹತ್ತಿರದಿಂದ ನೋಡಬೇಕಾದರೆ ಬಟೇವಿಯಾದ ಫರ್ಮಿಲ್ಯಾಬ್ ಇದೆ. ಭೌತಶಾಸ್ತ್ರದ ಪ್ರಯೋಗಶಾಲೆ, ಆದರೆ 1969ರಲ್ಲಿ ಅದರ ಮೊದಲ ನಿರ್ದೇಶಕ ರಾಬರ್ಟ್ ವಿಲ್ಸನ್ ತರಿಸಿದ ಕಾಡೆಮ್ಮೆಗಳಂಥ ಬೈಸನ್‌ಗಳ ಹಿಂಡು ಈಗಲೂ ಮೇಯುತ್ತಿರುತ್ತದೆ. 1970ರ ದಶಕದಲ್ಲಿ ರಾಬರ್ಟ್ ಬೆಟ್ಜ್ ಅನ್ನೋ ವಿಜ್ಞಾನಿ ಅಲ್ಲಿ ಪ್ರೈರಿಯನ್ನು ಮತ್ತೆ ಬೆಳೆಸಲು ಶುರುಮಾಡಿದರು. ಗೇಟಿನಲ್ಲಿ ಗುರುತಿನ ಚೀಟಿ ಕೇಳುತ್ತಾರೆ, ಅಪ್ಪ ಅಮ್ಮನ ಪಾಸ್‌ಪೋರ್ಟ್ ಜೊತೆಗಿರಲಿ.

ಕಾಡು ಬೇಕೆಂದರೆ ವಿಸ್ಕಾನ್ಸಿನ್ನಿನ ಎಲ್ರಾಯ್–ಸ್ಪಾರ್ಟಾ ದಾರಿ. 32 ಮೈಲಿ, 1960ರ ದಶಕದಲ್ಲೇ ಶುರುವಾದದ್ದು, ನಡುವೆ 3 ಸುರಂಗ. ದೊಡ್ಡದು ಒಂದು ಕಿಲೋಮೀಟರಿಗಿಂತ ಉದ್ದ. ಒಳಗೆ ದೀಪವಿಲ್ಲ, ಮೇಲಿಂದ ನೀರು ಜಿನುಗುತ್ತದೆ, ಜುಲೈನಲ್ಲೂ ಚಳಿ. ಸೈಕಲ್ ತಳ್ಳಿಕೊಂಡೇ ನಡೆಯಬೇಕು. ಟಾರ್ಚು, ಒಂದು ಸ್ವೆಟರ್ ಬೇಕೇಬೇಕು. ದಾರಿ ಹೆಚ್ಚು ಎತ್ತರ ಮುಟ್ಟುವ ಕಡೆಯೇ ಗುಡ್ಡಕ್ಕೆ ಸುರಂಗ ಕೊರೆದಿರುವುದರಿಂದ ಪ್ರತಿ ಸುರಂಗದ ಮುಂಚೆ ಸುಮಾರು ದೂರ ಏರು ಇರುತ್ತದೆ. ಕಣ್ಣಿಗೆ ಕಾಣಲ್ಲ, ತೊಡೆಗೆ ಗೊತ್ತಾಗುತ್ತದೆ. ಹದಿನಾರು ತುಂಬಿದವರಿಗೆ ಪಾಸು ಬೇಕು. ನಿಮ್ಮ ಅಪ್ಪನಿಗೆ ಇದು ಎರಡನೇ ತಿಂಗಳಿಗೆ ಇರಲಿ.

ನದಿಯ ರಾಜ ಅಂದರೆ ಮಿಸೌರಿಯ ಕೇಟಿ ಟ್ರೇಲ್. ಸುಮಾರು 240 ಮೈಲಿ. ಒಂದು ಕಡೆ ಮಿಸೌರಿ ನದಿ, ಇನ್ನೊಂದು ಕಡೆ ಎದ್ದು ನಿಂತ ಸುಣ್ಣಕಲ್ಲಿನ ಬಂಡೆ. ಬೂನ್‌ವಿಲ್ ಊರಿನಿಂದ ಪಶ್ಚಿಮಕ್ಕೆ ನದಿ ಬಿಟ್ಟು ಹೊಲ, ಹುಲ್ಲು. 1986ರ ಪ್ರವಾಹದಲ್ಲಿ ಹಳಿ ಹಾಳಾಗಿ ರೈಲು ಕಂಪನಿ ಕೈಬಿಟ್ಟ ದಾರಿ ಇದು. ಮುಂದೆ ಎಂದಾದರೂ ರೈಲಿಗೆ ಬೇಕಾದರೆ ಇರಲಿ, ಅಲ್ಲಿಯವರೆಗೆ ಜನ ಓಡಾಡಲಿ ಅನ್ನುವ 1983ರ ಕಾನೂನಿನಿಂದ ಉಳಿಯಿತು. ರೈಲು ಹೋದರೆ ಜಾಗ ನಮಗೆ ಬರಬೇಕು ಅಂತ ಅಕ್ಕಪಕ್ಕದ ಜಮೀನಿನವರು ಕೋರ್ಟಿಗೆ ಹೋದರು, ಅವರ ಸಿಟ್ಟೂ ಸುಳ್ಳಲ್ಲ. ಇದನ್ನು ಪೂರ್ತಿ ಮಾಡಲು ನಾಲ್ಕೈದು ದಿನ ಬೇಕು. ಕೆಲವು ಕಡೆ ಹತ್ತು ಮೈಲಿ ಹೋದರೂ ನಲ್ಲಿ ಸಿಗಲ್ಲ, ನೀರು ತುಂಬಿಕೊಂಡೇ ಹೊರಡಿ. ಹಳೆ ಸ್ಟೇಷನ್ ಇದ್ದ ಊರಲ್ಲೇ ಊಟ, ನೀರು, ಶೌಚಾಲಯ.

ಒಂದು ಪಂಪು, ಒಂದು ಬದಲಿ ಟ್ಯೂಬು ಜೊತೆಗಿರಲಿ. ದಾರಿ ಬಿಟ್ಟು ಎತ್ತರದ ಹುಲ್ಲಿಗೆ ಇಳಿಯಬೇಡಿ. ಇಳಿದರೆ ಮನೆಗೆ ಬಂದು ಮೈಯೆಲ್ಲ ರಕ್ತ ಹೀರುವ ಉಣ್ಣೆ ಹುಳ ಇದೆಯಾ ನೋಡಿಕೊಳ್ಳಿ, ಮಲೆನಾಡಿನವರಿಗೆ ಉಣುಗು ಅಂದರೆ ಗೊತ್ತಾಗುತ್ತದೆ. ಇಲ್ಲಿ ಅದರಿಂದ ಲೈಮ್ ಅನ್ನೋ ಕಾಯಿಲೆ ಬರುತ್ತದೆ. ಮೂರೆಲೆಯ ಬಳ್ಳಿ ಮುಟ್ಟಬೇಡಿ, ತುರಿಕೆ ವಾರಗಟ್ಟಲೆ ಬಿಡಲ್ಲ.

ಮೊದಲ ದಿನಕ್ಕೆ ನಾನು ಹೇಳುವುದು ಇವ್ಯಾವುದೂ ಅಲ್ಲ. ಹೇಗೂ ಅಪ್ಪ ಅಮ್ಮನನ್ನು ಅರೋರಾದ ಬಾಲಾಜಿ ದೇವಸ್ಥಾನಕ್ಕೆ ಕರೆದುಕೊಂಡು ಹೋಗ್ತೀರ, ಅಲ್ವಾ? ಕಾರಿನ ಹಿಂದೆ ಸೈಕಲ್ ಕಟ್ಟಿಕೊಂಡು ಹೋಗಿ. ದರ್ಶನ, ಪ್ರಸಾದ ಮುಗಿಸಿ ಬಟೇವಿಯಾಗೆ ಬಂದು ಫಾಕ್ಸ್ ನದಿಯ ದಾರಿ ಹಿಡಿದು ಜಿನೀವಾ ಕಡೆ ತುಳೀರಿ. ಹೆಚ್ಚು ದೂರವೇನಿಲ್ಲ, ಪೂರ್ವದ ದಡದಲ್ಲಿ ದೊಡ್ಡ ಮರದ ಗಾಳಿಗಿರಣಿ ಸಿಗುತ್ತದೆ. ಅಮ್ಮ ಸೈಕಲ್ ಹೊಡೆಯದಿದ್ದರೆ ಅವರನ್ನು ಕಾರಲ್ಲಿ ಮೊದಲೇ ಅಲ್ಲಿಗೆ ಬಿಡಿ, ಚಿತ್ರಾನ್ನದ ಡಬ್ಬಿ ಅವರ ಹತ್ತಿರವೇ ಇರಲಿ. ಆಗ ಅಪ್ಪನೂ ಮಗಳೂ ಯಾರು ಮುಂಚೆ ತಲುಪುತ್ತಾರೆ ಅಂತ ತಾವೇ ಪಂದ್ಯ ಕಟ್ಟಿಕೊಳ್ಳುತ್ತಾರೆ.